ಯುಗಾದಿಯಿಂದ ಮಿರಗದವರೆಗೆ: ಸಂತಪುರದ ಹಳೇ ಮನೆಗೆ ಮರಳುವ ಬಗೆ

ಹೋಳಿ ಹುಣ್ಣಿಮೆ ಕಳೆದ ಮೊದಲ ಶನಿವಾರ ಸಂತಪುರದ ಹಿರಿಯರ ಮನೆಯ ಬೀಗ ತೆಗೆದೆವು. ಆರು ವರ್ಷ ಮುಚ್ಚಿದ್ದ ಮನೆ. ಒಳಗೆ ಕಾಲಿಟ್ಟ ಕೂಡಲೇ ಮಕ್ಕಳು ಗಾಳಿ ಬರಲೆಂದು ಕಿಟಕಿಗಳನ್ನೆಲ್ಲ ತೆರೆಯತೊಡಗಿದರು. ಪಕ್ಕದ ಮನೆಯ ಕಾಕು ತಮ್ಮ ಕಟ್ಟೆಯಿಂದಲೇ ಕೂಗಿದರು: "ಖಿಡಕಿ ಮುಚ್ರಪ್ಪಾ, ಕಾವು ಒಳಗ ಹೋಗ್ತದ. ದೀಪ ಹಚ್ಚೋ ಹೊತ್ತಿಗಿ ತಗೀರಿ."

ಬೀದರ ನಗರದ ನಮ್ಮ ಸ್ಲ್ಯಾಬ್ ಮನೆಯಲ್ಲಿ ಹಗಲೆಲ್ಲ ಕಿಟಕಿ ತೆರೆದೇ ಇರುತ್ತದೆ. ಇಲ್ಲಿನ ಲೆಕ್ಕ ಬೇರೆ. ಕಲ್ಲು ಮಣ್ಣಿನ ಎರಡಡಿ ದಪ್ಪದ ಗೋಡೆ ಕಾಯುವುದೂ ನಿಧಾನ, ಆರುವುದೂ ನಿಧಾನ. ಮಧ್ಯಾಹ್ನ ಹೊರಮೈಗೆ ಹತ್ತಿದ ಬಿಸಿಲು ಒಳಗೆ ತಲುಪುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಕಿಟಕಿ ತೆರೆದರೆ ತಂಪು ಗಾಳಿ ಆ ಕಾವನ್ನು ಹೊತ್ತೊಯ್ಯುತ್ತದೆ, ಗೋಡೆ ಮರುದಿನಕ್ಕೆ ಸಿದ್ಧವಾಗುತ್ತದೆ. ಹಗಲು ತೆರೆದಿಟ್ಟರೆ ಗೋಡೆ ಒಳಗಿನಿಂದಲೂ ಕಾದು, ನಡುರಾತ್ರಿ ಮನೆ ಒಲೆಯಂತಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ಸಂಜೆ ಆರೂವರೆಗೆ ತೆರೆಯುವ ರೂಢಿ ಬಂದ ಮೇಲೆ ಕೂಲರ್ ಹೊತ್ತುಕೊಂಡು ಬರುವ ಮಾತನ್ನು ನಾವು ಬಿಟ್ಟೆವು.

ನೌಕರಿ, ಶಾಲೆ ಎಲ್ಲ ಬೀದರಿನಲ್ಲಿ. ಹೀಗಾಗಿ ಶನಿವಾರ ಮಧ್ಯಾಹ್ನ ಔರಾದ ರಸ್ತೆ ಹಿಡಿದು ಮಾಂಜರಾ ದಾಟಿ ಬರುವುದು, ರವಿವಾರ ರಾತ್ರಿ ಮರಳುವುದು. ನಮ್ಮ ಹಾಗೆ ಬೀದರ, ಭಾಲ್ಕಿ, ಹೈದರಾಬಾದಿಗೆ ಹೋಗಿ ನೆಲೆಸಿ, ಈಗ ಊರ ಮನೆಯ ಕಡೆ ಮನಸ್ಸು ತಿರುಗಿದವರು ಹಲವರಿದ್ದಾರೆ. ಅವರಿಗೆ ಮೊದಲು ಹೇಳಬೇಕಾದದ್ದು: ಈ ಕೆಲಸಕ್ಕೆ ಬೇಸಿಗೆಯ ಆರಂಭವೇ ಸರಿಯಾದ ಕಾಲ. ಬಾವಿ ತಳ ಕಾಣುವುದು, ಎರೆ ನೆಲ ಬಾಯಿ ಬಿಡುವುದು, ಮಾಳಿಗೆ ಒಣಗಿ ತನ್ನ ಬಿರುಕು ತೋರಿಸುವುದು ಆಗಲೇ. ದೀಪಾವಳಿಗೆ ಬಂದು ನೋಡಿದವರಿಗೆ ಹಸಿರು ಹೊಲ, ತುಂಬಿದ ಬಾವಿ ಕಾಣುತ್ತದೆ, ಮನೆಯ ಕುಂದು ಕಾಣುವುದಿಲ್ಲ.

ಗಡುವೂ ಇದೆ. ಯುಗಾದಿಯಿಂದ ಮಿರಗಕ್ಕೆ ಎಂಟರಿಂದ ಹನ್ನೆರಡು ವಾರ. ನಡುವಿನ ಕಾಲವನ್ನು ಊರವರು ಮಳೆ ನಕ್ಷತ್ರದಿಂದ ಎಣಿಸುತ್ತಾರೆ. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ, 27ಕ್ಕೆ ಭರಣಿ, ಮೇ 11ಕ್ಕೆ ಕೃತ್ತಿಕಾ, 25ಕ್ಕೆ ರೋಹಿಣಿ, ಜೂನ್ 8ರ ಹೊತ್ತಿಗೆ ಮಿರಗ. ಅಶ್ವಿನಿ, ಭರಣಿಗಳಲ್ಲಿ ಗಾಳಿ ಗುಡುಗಿನೊಂದಿಗೆ ಒಂದೆರಡು ಅಡ್ಡ ಮಳೆ ಬಂದು ಹೋಗಬಹುದು. ರೋಹಿಣಿ ಹೊಕ್ಕ ಮೇಲೆ ಮಾತ್ರ ಮಾಳಿಗೆ ಬಿಚ್ಚುವ ಧೈರ್ಯ ಯಾರೂ ಮಾಡುವುದಿಲ್ಲ. ಗೌಂಡಿ, ಕೂಲಿಯವರು ಸಿಗುವುದೂ ಅಲ್ಲಿಯವರೆಗೆ. ಆಮೇಲೆ ಎಲ್ಲರೂ ಹೊಲದಲ್ಲಿರುತ್ತಾರೆ.

ಮೊದಲ ವಾರಗಳೆಲ್ಲ ನೀರಿಗೆ. ಬೀದರಿನವರು ಇಲ್ಲೊಂದು ಪಾಠ ಹೊಸದಾಗಿ ಕಲಿಯಬೇಕಾಗುತ್ತದೆ. ಬೀದರ ಕೋಟೆ ನಿಂತಿರುವುದು ಜಂಬಿಟ್ಟಿಗೆಯ ಮೇಲೆ. ಆ ಕಲ್ಲು ಸ್ಪಂಜಿನಂತೆ ಮಳೆನೀರನ್ನು ಕುಡಿದು ಕೆಳಗಿನ ಜೇಡಿಯವರೆಗೆ ಇಳಿಸುತ್ತದೆ. ಅಲ್ಲಿ ತಡೆದ ನೀರು ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನರಸಿಂಹ ಝರಣಿ, ಗುರುನಾನಕ ಝೀರಾ ಹೀಗೆ ಹುಟ್ಟಿದವು. ಬಹಮನಿ ಕಾಲದಲ್ಲಿ ನೌಬಾದಿನಲ್ಲಿ ಸುರಂಗ ಬಾವಿ ಕೊರೆದವರೂ ಈ ಗುಣವನ್ನೇ ನಂಬಿ ಕೊರೆದರು. ಮಾಂಜರಾದ ಈಚೆ ಔರಾದ ಸೀಮೆಯಲ್ಲಿ ಹೆಚ್ಚಾಗಿ ಕರಿ ಎರೆ, ಅದರ ಕೆಳಗೆ ಮುರುಮು, ಅದರ ಕೆಳಗೆ ಕರಿಗಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದ ಲಾವಾ ಆರಿ ಆದ ಕಲ್ಲು ಅದು. ಗಟ್ಟಿ ಕಲ್ಲಿನಲ್ಲಿ ನೀರಿಲ್ಲ. ಸವೆದ ಪದರದಲ್ಲಿ, ಗುಳ್ಳೆಗಲ್ಲಿನಲ್ಲಿ, ಬಿರುಕಿನಲ್ಲಿ ಮಾತ್ರ ಇದೆ. ಒಬ್ಬರ ಬೋರಿಗೆ ನೀರು ಬಿದ್ದು, ನಾಲ್ಕು ಮಾರು ಆಚೆಯ ಬೋರು ಒಣಗಿ ಹೋಗುವುದು ಇದಕ್ಕೇ.

ಆದ್ದರಿಂದ ಹೊಸ ಬೋರಿನ ಮಾತೆತ್ತುವ ಮುನ್ನ ಇದ್ದ ಬಾವಿಯನ್ನು ಅಳೆಯಿರಿ. ಇದಕ್ಕೆ ಹಗ್ಗ, ಕಲ್ಲು, ಗಡಿಯಾರ ಸಾಕು. ಪಂಪು ಹಚ್ಚಿ ಮಟ್ಟ ಒಂದು ಮಾರು ಇಳಿಸಿ, ನಿಲ್ಲಿಸಿ, ತಾಸಿಗೆ ಎಷ್ಟು ಏರುತ್ತದೆ ನೋಡಿ. ನಮ್ಮ ಬಾವಿ ಮೂರು ಮೀಟರ್ ಅಗಲ. ಅಂಥ ಬಾವಿಯಲ್ಲಿ ನೀರು ಹತ್ತು ಸೆಂಟಿಮೀಟರ್ ಏರಿತೆಂದರೆ ಏಳುನೂರು ಲೀಟರ್ ಬಂದಂತೆ. ಆರೂವರೆ ಇಂಚಿನ ಬೋರಿನಲ್ಲಿ ಒಂದು ಮೀಟರ್ ನೀರು ನಿಂತರೂ ಇಪ್ಪತ್ತೊಂದೇ ಲೀಟರ್, ಅದಕ್ಕೆ ಬಿರುಕಿನ ಒಸರೇ ಆಧಾರ. ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಮನೆ ಮನೆಗೆ ಗಂಗೆ ಯೋಜನೆಯ ಲೆಕ್ಕ. ಐದು ಜನರ ಮನೆಗೆ 275 ಲೀಟರ್. ಮೇ ತಿಂಗಳಲ್ಲಿ ಅಳೆದು ಇಷ್ಟು ಬರುತ್ತದೆಂದಾದರೆ ವರ್ಷವಿಡೀ ಚಿಂತೆಯಿಲ್ಲ. ನವೆಂಬರಿನಲ್ಲಿ ಅಳೆದದ್ದನ್ನು ನಂಬಬೇಡಿ.

ಹಳೇ ನೀರನ್ನು ಎರಡು ಮೂರು ಸಲ ಹೊರಹಾಕಿ, ಆಮೇಲೆ ಬ್ಲೀಚಿಂಗ್ ಪೌಡರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಮೂರು ಮೀಟರ್ ಅಗಲದ ಬಾವಿಯಲ್ಲಿ ಎರಡು ಮೀಟರ್ ನೀರಿದ್ದರೆ ಹದಿನಾಲ್ಕು ಸಾವಿರ ಲೀಟರ್, ಅಂದರೆ 35 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಬಾವಿಗೆ ಸುರಿಯಬೇಕು. ಒಂದು ತಾಸಾದರೂ ಕಾಯಬೇಕು. ತಿಪ್ಪೆಯ ಹತ್ತಿರದ ಬಾವಿಯಾದರೆ ನೈಟ್ರೇಟ್ ಪರೀಕ್ಷೆ ಮಾಡಿಸಲೇಬೇಕು. ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಹಾಲು ಕುಡಿಯುವ ಕೂಸಿಗೆ ಆ ನೀರು ಅಪಾಯ, ಮತ್ತು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬಹಳ ದಿನ ಬಳಸದ ಬಾವಿಗೆ ಹೂಳು ತೆಗೆಯಲೆಂದು ಯಾರನ್ನೂ ಸುಮ್ಮನೆ ಇಳಿಸಬೇಡಿ. ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಅದಕ್ಕೆ ಬಣ್ಣವಿಲ್ಲ, ಬಹಳ ಸಲ ವಾಸನೆಯೂ ಇಲ್ಲ. ಹಗೇವಿಗೂ ಇದೇ ಮಾತು. ಹಳೇ ಮನೆಗಳ ಅಂಗಳದಡಿ, ಪಡಸಾಲೆಯಡಿ ಜೋಳ ತುಂಬುವ ಹಗೇವು ಇದ್ದಿರಬಹುದು. ಕಾಳು ಉಸಿರಾಡಿ ಒಳಗಿನ ಆಮ್ಲಜನಕವನ್ನೆಲ್ಲ ತಿನ್ನುತ್ತದೆ. ಕಾಳು ಹಾಳಾಗದಂತೆ ಕಾಯುತ್ತಿದ್ದುದೂ ಅದೇ, ಇಳಿದವರ ಜೀವ ತೆಗೆಯುತ್ತಿದ್ದುದೂ ಅದೇ. ಹಿರಿಯರನ್ನು ಕೇಳಿ ಬಾಯಿ ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಬಳಸುವುದಿಲ್ಲವಾದರೆ ಮುರುಮು ತುಂಬಿ ಕುಟ್ಟಿ ಮುಚ್ಚಿಸಿ. ಮಳೆಗಾಲದಲ್ಲಿ ಅದರ ಮೇಲಿನ ನೆಲ ಕುಸಿದರೆ ಮೊದಲು ಬೀಳುವವರು ಓಡಾಡುವ ಮಕ್ಕಳು.

ಇನ್ನು ಮಾಳಿಗೆ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಕೆಲಸ ಮಾಡುವ ರೀತಿ ಸೊಗಸಾದದ್ದು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಒತ್ತಾಗಿ ಜೋಡಿಸಿದ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಮೇಲೆ ಕಲಸಿದ ಮಣ್ಣು, ಕೊನೆಗೆ ಕರ್ಲ ಮಣ್ಣಿನ ಹೊದಿಕೆ. ಕರ್ಲಿನಲ್ಲಿ ಸೋಡಿಯಂ ಉಪ್ಪು ಹೆಚ್ಚು. ನೀರು ತಾಗಿದ ಕೂಡಲೇ ಅದರ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಮೊದಲ ಮಳೆಗೆ ಎರಡು ಹನಿ ಸೋರಿದ ಮಾಳಿಗೆ ಎರಡನೇ ಮಳೆಗೆ ಸೋರದಿರುವುದು ಹೀಗೆ. ಹೊಲದಲ್ಲಿ ಬೆಳೆಗೆ ಬೇಡವಾದ ಮಣ್ಣು ತಲೆಯ ಮೇಲೆ ಛತ್ರಿಯಾಗುತ್ತದೆ.

ತೊಂದರೆ ಎಲ್ಲಿ ಎಂದರೆ, ಪ್ರತಿ ಬೇಸಿಗೆ ಒಂದು ಪದರ ಹಾಕುವ ರೂಢಿಯಲ್ಲಿ. ಹಳೆಯದನ್ನು ಕೆರೆದು ತೆಗೆಯದೆ ಹೊಸದನ್ನು ಸುರಿಯುತ್ತ ಹೋದರೆ ಮೂವತ್ತು ನಲವತ್ತು ವರ್ಷಕ್ಕೆ ಮಣ್ಣು ಎರಡಡಿ ದಾಟುತ್ತದೆ. ಒಂದಡಿ ದಪ್ಪದ ಮಣ್ಣಿನ ತೂಕ ಚದರ ಮೀಟರಿಗೆ ಸುಮಾರು ಐದುನೂರು ಕಿಲೋ. ನಾಲ್ಕು ಮೀಟರಿಗೆ ಆರು ಮೀಟರಿನ ಪಡಸಾಲೆಯ ಮೇಲೆ ಹನ್ನೆರಡು ಟನ್. ಎರಡಡಿ ಇದ್ದರೆ ಇಪ್ಪತ್ನಾಲ್ಕು. ಮಳೆಗೆ ನೆನೆದರೆ ಇನ್ನೂ ಹೆಚ್ಚು.

ಇದನ್ನು ನಾವು ಮರೆಯಬಾರದವರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಪಕ್ಕದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸುಮಾರು ಹತ್ತು ಸಾವಿರ ಜನ ಸತ್ತರು. ಹೆಚ್ಚಿನವರು ಮಲಗಿದಲ್ಲೇ, ಇಂಥವೇ ಗೋಡೆ, ಇಂಥವೇ ಮಾಳಿಗೆಯ ಅಡಿಯಲ್ಲಿ. ಅಲ್ಲಿನ ಮನೆಗಳು ನೆಲಕಚ್ಚಿದ ರೀತಿಯನ್ನು ಎಂಜಿನಿಯರುಗಳು ಆಮೇಲೆ ವಿವರವಾಗಿ ಬರೆದಿಟ್ಟರು. ಎರಡಡಿಯ ಗೋಡೆ ನಿಜಕ್ಕೂ ಒಂದು ಗೋಡೆಯಲ್ಲ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಹರಳು ಮಣ್ಣು. ಎರಡನ್ನೂ ಹಿಡಿದಿಡುವ ಆರುಪಾರು ಕಲ್ಲುಗಳಿಲ್ಲದಿದ್ದರೆ ನಡುಗಿದಾಗ ಒಂದು ಹೊರಕ್ಕೆ, ಇನ್ನೊಂದು ಒಳಕ್ಕೆ ಉಬ್ಬಿ ಒಡೆಯುತ್ತವೆ, ಮೇಲಿನ ಮಣ್ಣಿನ ಗುಡ್ಡ ಕೆಳಗೆ ಬರುತ್ತದೆ.

ಮದ್ದು ದುಬಾರಿಯಲ್ಲ. ಕಿಲ್ಲಾರಿಯ ನಂತರ ಉಳಿದ ಮನೆಗಳಿಗೆ ಸೂಚಿಸಿದ್ದೂ ಇವನ್ನೇ. ಮಾಳಿಗೆಯ ಮಣ್ಣನ್ನು ಕೆರೆದು ಇಪ್ಪತ್ತು ಸೆಂಟಿಮೀಟರಿಗೆ ಇಳಿಸುವುದು, ಸೋರದಂತೆ ಅದರೊಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುವುದು. ಗೋಡೆಯಲ್ಲಿ ಸುಮಾರು ಒಂದು ಮೀಟರಿಗೊಂದರಂತೆ ಆರುಪಾರು ತೂತು ಮಾಡಿ, ಕಬ್ಬಿಣದ ಸಲಾಕೆಯಿಟ್ಟು ಕಾಂಕ್ರೀಟ್ ತುಂಬುವುದು. ಕಂಬ, ತೊಲೆ ಕೂಡುವಲ್ಲಿ ಬಡಿಗನಿಂದ ಓರೆ ಕಟ್ಟಿಗೆ ಬಡಿಸುವುದು. ಗೋಡೆ ಎಲ್ಲಾದರೂ ಉಬ್ಬಿದ್ದರೆ ಎಂಜಿನಿಯರಿಗೆ ತೋರಿಸದೆ ಮುಟ್ಟಬಾರದು. ನಮ್ಮ ಗೌಂಡಿ ಮಾಮಾ ಮಾಳಿಗೆ ಹತ್ತಿ ಗುದ್ದಲಿ ಇಳಿಸಿ ನೋಡಿ ಹೇಳಿದ್ದು ಒಂದೇ ಮಾತು: "ಇಷ್ಟ್ ಭಾರ ಯಾಕ ಇಟ್ಟೀರಿ ಸಾಹೇಬ್ರ, ಮನೀಗಿ ಉಸುರಾಡ್ಲಾಕ ಬರಲ್ಹಂಗ ಆಗ್ಯದ." ಮೂರು ವಾರಾಂತ್ಯ ಮಣ್ಣು ಇಳಿಸಿದೆವು. ಒಂದೇ ಕಡೆಯಿಂದ ತೆಗೆಯದೆ ಎರಡೂ ಬದಿಯಿಂದ ಸಮಸಮ ತೆಗೆಯಬೇಕು, ಇಲ್ಲವಾದರೆ ಗೋಡೆಯ ಮೇಲೆ ಭಾರ ಓರೆಯಾಗುತ್ತದೆ. ಆ ದಿನಗಳಲ್ಲಿ ಯಾರೂ ಒಳಗೆ ಮಲಗಲಿಲ್ಲ. ಅಂಗಳದಲ್ಲಿ ಹೊರಸು ಹಾಕಿ ಮಲಗುತ್ತಿದ್ದೆವು.

ಹೊರಸು ಎಂದಾಗ ಚೇಳು, ಹಾವಿನ ವಿಷಯ. ಕಲ್ಲು ಸಂದಿಯ ಗೋಡೆಯಿದ್ದಲ್ಲಿ ಚೇಳು ಇದ್ದೇ ಇರುತ್ತದೆ, ಬೇಸಿಗೆಯ ರಾತ್ರಿ ಹೊರಗೂ ಬರುತ್ತದೆ. ನೇರಳಾತೀತ ಬೆಳಕಿನ ಟಾರ್ಚು ಬಿಟ್ಟರೆ ಚೇಳು ಹಸಿರಾಗಿ ಹೊಳೆಯುತ್ತದೆ. ಮಲಗುವ ಮುನ್ನ ಗೋಡೆಯ ಬುಡದಲ್ಲಿ ಅದನ್ನು ಆಡಿಸುವುದು ಮಕ್ಕಳ ಪಾಲಿನ ಕೆಲಸವಾಯಿತು. ಕೆಂಪು ಚೇಳಿನ ಕುಟುಕು ಮಕ್ಕಳ ಹೃದಯಕ್ಕೆ ಪೆಟ್ಟು ಕೊಡಬಲ್ಲದು. ಬೆವರು, ವಾಂತಿ, ತಣ್ಣಗಾದ ಕೈಕಾಲು ಅದರ ಗುರುತು. ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಇದಕ್ಕೆ ಪ್ರಾಜೋಸಿನ್ ಎಂಬ ಸಾಮಾನ್ಯ ರಕ್ತದೊತ್ತಡದ ಗುಳಿಗೆ ಕೆಲಸ ಮಾಡುತ್ತದೆಂದು ತೋರಿಸಿ ಎಷ್ಟೋ ಜೀವ ಉಳಿಸಿದರು. ಆದರೆ ಅದನ್ನು ವೈದ್ಯರೇ ಕೊಡಬೇಕು, ತಡಮಾಡದೆ ಒಯ್ಯುವುದಷ್ಟೇ ನಮ್ಮ ಕೆಲಸ. ಹಾವು ಕಚ್ಚಿದರೂ ಅಷ್ಟೇ. ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಮಂತ್ರಕ್ಕೆ ಕೂರಬಾರದು. 108ಕ್ಕೆ ಫೋನು ಮಾಡಿ, ಕಚ್ಚಿದ ಅಂಗ ಅಲುಗದಂತೆ ಇಟ್ಟು ಆಸ್ಪತ್ರೆಗೆ. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ನೋವೇ ಆಗದಂತೆ ಕಚ್ಚುತ್ತದೆ, ಆದ್ದರಿಂದ ಹೊರಸು, ಹೊರಸಿನ ಮೇಲೆ ಅಂಚು ಮಡಚಿ ಸಿಕ್ಕಿಸಿದ ಸೊಳ್ಳೆಪರದೆ. ತೊಗರಿ ಕಟ್ಟಿಗೆಯ ಒಟ್ಟಿಲು ಮನೆಯ ಗೋಡೆಗೆ ತಾಗಿ ಇರಬಾರದು.

ಎರೆ ನೆಲದ ಸ್ವಭಾವ ಗೊತ್ತಿಲ್ಲದೆ ಕಟ್ಟಿದವರ ಮನೆಯಲ್ಲಿ ಬಿರುಕು ತಪ್ಪಿದ್ದಲ್ಲ. ಈ ಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ತಿಂಗಳ ಬಿರುಕಿನಲ್ಲಿ ಮೊಣಕೈವರೆಗೆ ಕೈ ಇಳಿಯುತ್ತದೆ. ಹಿಂದೆ ನಮ್ಮ ಹಿತ್ತಲಲ್ಲಿ ಎರಡಡಿ ತಳಪಾಯದ ಮೇಲೆ ಕಟ್ಟಿದ ಸಂಡಾಸದ ಗೋಡೆ ಎರಡೇ ಮಳೆಗಾಲಕ್ಕೆ ಸೀಳಿತು. ತಳಪಾಯ ಎರೆಯನ್ನು ದಾಟಿ ಮುರುಮಿಗೆ ಮುಟ್ಟಬೇಕು, ಸುತ್ತ ತುಂಬುವುದೂ ಮುರುಮೇ ಆಗಬೇಕು. ಎರಡು ಗುಂಡಿಯ ಶೌಚಾಲಯದ ಗುಂಡಿಗಳೂ ಮುರುಮಿಗಿಳಿದರೇ ಚಲೋ, ಎರೆಯಲ್ಲಿ ನೀರು ಇಂಗುವುದಿಲ್ಲ. ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿ, ಎರಡು ವರ್ಷ ಬಿಟ್ಟರೆ ಒಳಗಿನದು ವಾಸನೆಯಿಲ್ಲದ ಗೊಬ್ಬರ. ಬಾವಿಯಿಂದ ಹದಿನೈದು ಮೀಟರ್ ದೂರ, ಸಾಧ್ಯವಾದರೆ ಇನ್ನೂ ಹೆಚ್ಚು. ಬಿರುಕುಗಲ್ಲಿನಲ್ಲಿ ಹೊಲಸು ನೀರು ಬಲು ದೂರ ಓಡುತ್ತದೆ.

ಕಾಗದಪತ್ರದ ಕೆಲಸಕ್ಕೆ ವಾರಾಂತ್ಯ ಸಾಲದು, ಒಂದೆರಡು ದಿನ ರಜೆ ಹಾಕಬೇಕು. ಹೊಲ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ, ಮನೆಗೆ ಪಂಚಾಯಿತಿಯಲ್ಲಿ ಇ-ಸ್ವತ್ತು, ವಿದ್ಯುತ್ತಿಗೆ ಜೆಸ್ಕಾಂನಲ್ಲಿ ಆರ್‌ಆರ್ ನಂಬರಿನ ಹೆಸರು ಬದಲಾವಣೆ. ನಮ್ಮ ಭಾಗದ ವಿಶೇಷ ಎಂದರೆ ಹಳೇ ದಾಖಲೆ ಉರ್ದುವಿನಲ್ಲಿರುವುದು. 1956ರವರೆಗೆ ಇದು ಹೈದರಾಬಾದ್ ರಾಜ್ಯ. ಆಗ ಔರಾದ ಅಲ್ಲ, ಸಂತಪುರವೇ ತಾಲ್ಲೂಕಿನ ಹೆಸರಾಗಿತ್ತು. ಜಗುಲಿಯ ಪೆಟ್ಟಿಗೆಯಲ್ಲಿ ಉರ್ದು ಕಾಗದ ಸಿಕ್ಕರೆ ರದ್ದಿಗೆ ಹಾಕಬೇಡಿ. 1954-55ರ ಖಾಸ್ರಾ ಪಹಣಿ ಇಂದಿಗೂ ಗಡಿ ಜಗಳದಲ್ಲಿ ಕೇಳುವ ಕಾಗದ.

ಏಪ್ರಿಲ್ ಎರಡನೇ ವಾರ ಶಾಲೆ ಬಿಟ್ಟಿತು. ಮಕ್ಕಳೂ ಅವರ ಅಜ್ಜಿಯೂ ಸಂತಪುರದಲ್ಲೇ ಉಳಿದರು. ಮನೆ ನಿಜವಾಗಿ ಮನೆಯಾದದ್ದು ಆಗ. ತೊಗರಿ ಬೇಳೆ ಮಾಡುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ, ಯಾಕೆ ಹಾಗೆ ಮಾಡುತ್ತಾರೆಂದು ಈ ಸಲ ತಿಳಿಯಿತು. ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರವಿದೆ, ಸುಮ್ಮನೆ ಬೀಸಿದರೆ ಕಾಳು ನುಚ್ಚಾಗುತ್ತದೆಯೇ ಹೊರತು ಸಿಪ್ಪೆ ಬಿಡುವುದಿಲ್ಲ. ಅವ್ವ ಕಾಳನ್ನು ನೆನೆಸಿ, ಕೆಮ್ಮಣ್ಣು ಕಲಸಿ ಹಚ್ಚಿ, ರಾತ್ರಿ ಗುಡ್ಡೆ ಹಾಕಿಟ್ಟರು. ಮರುದಿನದಿಂದ ಅಂಗಳದ ಬಿಸಿಲಿಗೆ ಹರವು. ನೆನೆದು ಹಿಗ್ಗಿದ ಕಾಳು ಒಣಗುತ್ತ ಕುಗ್ಗುತ್ತದೆ, ಹಿಗ್ಗಿದ ಸಿಪ್ಪೆ ಸಡಿಲವಾಗಿ ಉಳಿಯುತ್ತದೆ, ಅಂಟಿನ ಹಿಡಿತ ಬಿಡುತ್ತದೆ. ಚೆನ್ನಾಗಿ ಒಣಗಿದ ಮೇಲೆ ಮಣ್ಣು ಜರಡಿ ಹಿಡಿದು ಬೀಸುವ ಕಲ್ಲಿಗೆ ಹಾಕಿದರೆ ಕಾಳು ಎರಡು ಹೋಳಾಗಿ ಬೀಳುತ್ತದೆ. ಹತ್ತು ಕಿಲೋ ತೊಗರಿಗೆ ಏಳು ಕಿಲೋದಷ್ಟು ಬೇಳೆ, ಉಳಿದ ಹೊಟ್ಟು ನುಚ್ಚು ಪಕ್ಕದ ಮನೆಯ ಎಮ್ಮೆಗೆ. ಕೆಮ್ಮಣ್ಣನ್ನು ನಾವು ಬೀದರಿನಿಂದಲೇ ಚೀಲದಲ್ಲಿ ತಂದಿದ್ದೆವು. ಆ ಬೇಳೆ ಕುದಿಯುವ ವಾಸನೆಗೆ ನನ್ನ ಮಗಳು ಅಡುಗೆ ಮನೆಯ ಬಾಗಿಲಲ್ಲೇ ಕೂತಿದ್ದಳು.

ಮಗ ದೇವಣಿ ಕರು ಬೇಕೆಂದು ಹಟ ಹಿಡಿದ. ದೇವಣಿಯಲ್ಲಿ ಅಚ್ಚ ಬಿಳಿಯ ಬಾಲಂಕ್ಯಾ, ಮುಖದ ಎರಡು ಬದಿ ಕರಿಯಾದ ವಾನೇರಾ, ಮೈಯೆಲ್ಲ ಕರಿ ಬಿಳಿ ಮಚ್ಚೆಯ ಶೇವೇರಾ ಎಂದು ಮೂರು ಬಗೆ ಇವೆ. ಮೂರನ್ನೂ ಅವನು ಓಣಿಯಲ್ಲೇ ಗುರುತಿಸಲು ಕಲಿತ. ಆದರೆ ವಾರಕ್ಕೆರಡು ದಿನ ಇರುವವರು ದನ ಕಟ್ಟಬಾರದು. ಅದಕ್ಕೆ ಪ್ರತಿದಿನ ನೀರು, ಮೇವು, ಮಾತು ಬೇಕು.

ಗಿಡದ ವಿಷಯದಲ್ಲೂ ಅವಸರ ಬೇಡ. ಬೇಸಿಗೆಯಲ್ಲಿ ಗುಂಡಿ ತೆಗೆಯಿರಿ, ಗಿಡ ನೆಡಬೇಡಿ. ಮೂರಡಿ ಗುಂಡಿ ಏಪ್ರಿಲ್, ಮೇ ಬಿಸಿಲಿಗೆ ತೆರೆದಿದ್ದರೆ ಗೊಣ್ಣೆಹುಳು, ಗೆದ್ದಲು ಸಾಯುತ್ತವೆ. ಮಿರಗದ ಎರಡು ಹದ ಮಳೆಯಾದ ಮೇಲೆ ನೆಟ್ಟರಾಯಿತು. ಈಗ ಬೇಕೆಂದರೆ ನಾಲ್ಕು ಪುಂಡಿ, ಬೆಂಡಿ, ಹೀರೆ ಸಾಕು. ಐದು ದಿನ ನಾವಿಲ್ಲದಾಗ ನೀರು ಹಾಕುವವರು ಯಾರು? ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಟ್ಟು ಹೋಗುತ್ತೇವೆ. ಸುತ್ತಲ ಮಣ್ಣು ಒಣಗಿದಷ್ಟೇ ಗಡಿಗೆ ಒಸರುತ್ತದೆ. ಮೇಲೆ ಸೋಯಾ ಹೊಟ್ಟಿನ ಹಾಸು. ಕುಡಿಯುವ ನೀರಿನ ಗಡಿಗೆಯೂ ಈ ಒಸರಿನಿಂದಲೇ ತಂಪು. ನೂರು ಲೀಟರಿನಲ್ಲಿ ಒಂದು ಲೀಟರ್ ಆವಿಯಾದರೆ ಉಳಿದದ್ದರ ಬಿಸಿ ಆರು ಡಿಗ್ರಿಯಷ್ಟು ಇಳಿಯಬಲ್ಲದು. ಅಂದಕ್ಕೆಂದು ಗಡಿಗೆಗೆ ಬಣ್ಣ ಬಳಿದರೆ ಆ ಗುಣ ಹೋಯಿತು.

ರೋಹಿಣಿ ಹೊಕ್ಕ ಮೊದಲ ರವಿವಾರ ಕೊನೆಯ ಪರೀಕ್ಷೆ. ನಾವೆಲ್ಲ ಮಾಳಿಗೆ ಹತ್ತಿ ಮೂಲೆಗೆ ಎರಡೆರಡು ಕೊಡದಂತೆ ಎಂಟು ಕೊಡ ನೀರು ಸುರಿದೆವು. ಇಳಿಜಾರು ಸರಿಯಿದ್ದರೆ ನೀರು ಎಲ್ಲೂ ನಿಲ್ಲದೆ ದೋಣಿಯ ಕಡೆ ಓಡಬೇಕು. ಮೂರು ಮೂಲೆಯದು ಓಡಿತು. ಬಡಗಣ ಮೂಲೆಯಲ್ಲಿ ಊಟದ ತಾಟಿನಷ್ಟಗಲ ನಿಂತಿತು. ಮಗಳು ಅದರ ಸುತ್ತ ಸುಣ್ಣದಿಂದ ಗೆರೆ ಎಳೆದಳು. ಕೆಳಗೆ ನಿಂತ ಕಾಕು ದೋಣಿಯಿಂದ ಬೀಳುವ ನೀರಿಗೆ ಕೊಡ ಹಿಡಿದು, "ಇನ್ನ ಎರಡ್ ಪುಟ್ಟಿ ಕರ್ಲ ಬೇಕಾಗ್ತದ್ ನೋಡ್ರಿ ಅಲ್ಲಿ" ಎಂದರು. ಗೌಂಡಿ ಮಾಮಾ ಪುಟ್ಟಿ ಹೊತ್ತು ಆಗಲೇ ನಿಚ್ಚಣಿಕೆ ಏರುತ್ತಿದ್ದರು.